ಬಾಡಿಗೆ ಮನೆಯ ಅಕ್ಕನನ್ನು ಖಾಲಿ ಮಾಡಿಸಿ ಅಂತ ಓಣಿಯವರು ಬಂದಿದ್ದಾರೆ. ಕಾನೂನು ಏನು ಹೇಳುತ್ತದೆ?

ಓಣಿಮನೆ (ಸೋಮವಾರ ರಾತ್ರಿ)

ಎಲ್ಲರಿಗೂ ನಮಸ್ಕಾರ. ಎರಡು ದಿನ ಯೋಚನೆ ಮಾಡಿ ಬರೆಯುತ್ತಿದ್ದೇನೆ. ಊರು ಹುಬ್ಬಳ್ಳಿ. ಓಣಿ ಯಾವುದು ಅಂತ ದಯವಿಟ್ಟು ಕೇಳಬೇಡಿ.

ನಮ್ಮದು ಅಜ್ಜನ ಕಾಲದ ಮನೆ. ಮುಂದಿನ ಭಾಗದಲ್ಲಿ ಅವ್ವ ಒಬ್ಬಳೇ ಇರುತ್ತಾಳೆ. ಹಿತ್ತಲ ಕಡೆಯ ಎರಡು ಖೋಲಿ ಬಾಡಿಗೆಗೆ ಕೊಟ್ಟಿದ್ದೇವೆ. ನಾನು ಧಾರವಾಡದಲ್ಲಿ ಇರುತ್ತೇನೆ, ರವಿವಾರ ಹೋಗಿ ಬರುತ್ತೇನೆ. ಬಾಡಿಗೆಗೆ ಇರುವ ಅಕ್ಕ ಬಂದು ನಾಲ್ಕು ವರ್ಷವಾಯಿತು. ಗಂಡ ತೀರಿಕೊಂಡಿದ್ದಾರೆ. ಮಗನಿಗೆ ಹತ್ತೊಂಬತ್ತು, ಐಟಿಐ ಓದುತ್ತಾನೆ. ಮಗಳು ಈ ವರ್ಷ ಎಸ್ಸೆಸ್ಸೆಲ್ಸಿ. ಅಕ್ಕ ಮದುವೆ ಮನೆಗಳಿಗೆ ರೊಟ್ಟಿ ಬಡಿಯಲು ಹೋಗುತ್ತಾರೆ ಅಂತಷ್ಟೇ ನಮಗೆ ಗೊತ್ತಿತ್ತು. ಬಾಡಿಗೆ ಒಂದು ತಿಂಗಳೂ ತಪ್ಪಿಲ್ಲ. ಅವ್ವನ ಕಣ್ಣಿನ ಪೊರೆ ತೆಗೆಸಿದಾಗ ಹದಿನೈದು ದಿನ ಹೊತ್ತು ಹೊತ್ತಿಗೆ ಔಷಧಿ ಹಾಕಿದ್ದು ಆ ಅಕ್ಕ. ನಾನು ರಜೆ ಸಿಗಲಿಲ್ಲ ಅಂತ ಫೋನಿನಲ್ಲೇ ವಿಚಾರಿಸಿದ್ದೆ.

ಹೋದ ವಾರ ಬೇರೆ ಊರಿನ ಒಂದು ಲಾಡ್ಜ್ ಮೇಲೆ ವೇಶ್ಯಾವಾಟಿಕೆ ಅಂತ ರೇಡ್ ಆಯಿತು. ಅದರ ವಿಡಿಯೋ ಎಲ್ಲರ ಫೋನಿಗೂ ಬಂತು. ಮೂರು ಹೆಂಗಸರು ಗೋಡೆಗೆ ಮುಖ ಮಾಡಿ ನಿಂತಿದ್ದಾರೆ. ಹಿಂದಿನಿಂದ ಒಬ್ಬ ಗಂಡಸು ‘ಸೆರಗು ತೆಗಿ, ಮುಖ ತೋರ್ಸು’ ಅಂತಾನೆ. ಒಬ್ಬರು ತಿರುಗುತ್ತಾರೆ. ಅದು ನಮ್ಮ ಅಕ್ಕ.

ಶುಕ್ರವಾರ ಓಣಿಯ ನಾಲ್ಕು ಮಂದಿ ಹಿರಿಯರು ಅವ್ವನ ಹತ್ತಿರ ಬಂದಿದ್ದರು. ‘ಅಕ್ಕಾರ, ಆಕೀನ್ನ ಖಾಲಿ ಮಾಡಸ್ರಿ. ಇಲ್ಲಾಂದ್ರ ನಾಳೆ ನಿಮ್ಮ ಮ್ಯಾಲೂ ಕೇಸ್ ಆಗತೈತಿ’ ಅಂದರಂತೆ. ಅವ್ವ ಚಹಾ ಕೊಟ್ಟು ಕಳಿಸಿದ್ದಾಳೆ, ಬೇರೆ ಏನೂ ಮಾತಾಡಿಲ್ಲ. ನನ್ನ ಜೊತೆಯೂ ಮಾತಾಡುತ್ತಿಲ್ಲ.

ನಮ್ಮ ಮೇಲೆ ಕೇಸ್ ಆಗುತ್ತದೆ ಅನ್ನುವುದು ನಿಜವಾ? ಅಕ್ಕ ಮನೆಗೆ ಯಾರನ್ನೂ ಕರೆತಂದಿಲ್ಲ. ಅದು ನಮಗೆ ಖಾತ್ರಿ.

ಇಬ್ಬರು ಮಕ್ಕಳ ತಂದೆ

ತಂಗಿ, ನನ್ನ ಮಾತು ಒರಟು ಅನ್ನಿಸಿದರೆ ಕ್ಷಮಿಸು. ಖಾಲಿ ಮಾಡಿಸು. ಆ ಹೆಣ್ಣುಮಗಳು ಕೆಟ್ಟವಳು ಅಂತ ನಾನು ಹೇಳುತ್ತಿಲ್ಲ. ಆದರೆ ಇಂಥ ಸುದ್ದಿ ಹಬ್ಬಿದ ಮನೆಯ ಸುತ್ತ ಪುಂಡರು ಓಡಾಡುತ್ತಾರೆ. ನಮ್ಮ ಓಣಿಯಲ್ಲಿ ಐದು ವರ್ಷದ ಹಿಂದೆ ಆಗಿದ್ದು ಇದೇ. ರಾತ್ರಿ ಹನ್ನೊಂದಕ್ಕೆ ಬೈಕ್ ನಿಲ್ಲಿಸಿ ಕಂಡ ಕಂಡ ಬಾಗಿಲು ಬಡಿಯುತ್ತಿದ್ದರು. ನನ್ನ ಮಗಳು ಟ್ಯೂಷನ್‌ಗೆ ಹೋಗುವುದನ್ನೇ ಬಿಟ್ಟಳು. ನಿಮ್ಮ ಅವ್ವನಿಗೆ ವಯಸ್ಸಾಗಿದೆ, ಒಬ್ಬರೇ ಇದ್ದಾರೆ.

ಕರಿಕೋಟು

ನಾನು ಧಾರವಾಡದಲ್ಲಿ ವಕೀಲೆ. ಓಣಿಮನೆ ತಂಗಿ, ಮೊದಲು ನಿನ್ನ ಗಾಬರಿ ಇಳಿಯಲಿ. ನೀನು ಹೇಳಿದಷ್ಟೇ ನಿಜವಾಗಿದ್ದರೆ ಅವ್ವನ ಮೇಲೆ ಕೇಸು ಹಾಕಲು ಏನೂ ಇಲ್ಲ.

ಇದಕ್ಕೆ ಇರುವ ಕಾಯ್ದೆ 1956 ರದು. 1986 ರ ತಿದ್ದುಪಡಿಯಲ್ಲಿ ಅನೈತಿಕ ವ್ಯವಹಾರ ತಡೆ ಕಾಯ್ದೆ ಅಂತ ಹೆಸರು ಬದಲಾಯಿತು. ಠಾಣೆಯಲ್ಲಿ ‘ಪೀಟಾ ಕೇಸು’ ಅನ್ನುವುದು ಇದನ್ನೇ. ವಯಸ್ಸಿಗೆ ಬಂದ ಹೆಣ್ಣು ತಾನಾಗಿ ಈ ಕೆಲಸ ಮಾಡುವುದು ಅಪರಾಧ ಅಂತ ಇದರ ಯಾವ ಕಲಮಿನಲ್ಲೂ ಇಲ್ಲ. ಓಣಿಯ ಹಿರಿಯರಿಗೆ ಮಾತ್ರ ಅಲ್ಲ, ಎಷ್ಟೋ ಪೊಲೀಸರಿಗೂ ಇದನ್ನು ಪುಸ್ತಕ ತೆರೆದು ತೋರಿಸಬೇಕಾಗುತ್ತದೆ. ಆದರೆ ಅದರ ಸುತ್ತಮುತ್ತಲಿನದ್ದು ಬಹುತೇಕ ಎಲ್ಲ ಅಪರಾಧ. ಅಡ್ಡೆ ನಡೆಸುವುದು, ಅದಕ್ಕೆ ಜಾಗ ಕೊಡುವುದು ಕಲಂ 3. ಆ ದುಡ್ಡಿನ ಮೇಲೆ ಬದುಕುವುದು ಕಲಂ 4. ಹೆಣ್ಣನ್ನು ಪುಸಲಾಯಿಸಿ ತರುವುದು ಕಲಂ 5, ಕೂಡಿಹಾಕುವುದು ಕಲಂ 6. ಗುಡಿ, ಶಾಲೆ, ಹಾಸ್ಟೆಲ್, ಆಸ್ಪತ್ರೆಯ 200 ಮೀಟರ್ ಒಳಗೆ ನಡೆಸುವುದು ಕಲಂ 7. ಸಾರ್ವಜನಿಕ ಜಾಗದಲ್ಲಿ ಗಿರಾಕಿ ಕರೆಯುವುದು ಕಲಂ 8. ಹುಬ್ಬಳ್ಳಿಯಂಥ ಊರಲ್ಲಿ ಗುಡಿಯಿಂದ 200 ಮೀಟರ್ ದೂರ ಇರುವ ಓಣಿ ಯಾವುದಿದೆ ಹೇಳಿ.

ಈಗ ನಿನ್ನ ಪ್ರಶ್ನೆ. ಗೊತ್ತಿದ್ದೂ ಗೊತ್ತಿದ್ದೂ ಮನೆಯನ್ನು ಅಡ್ಡೆಗೆ ಬಿಟ್ಟರೆ ಮಾಲೀಕರಿಗೆ ಎರಡು ವರ್ಷದವರೆಗೆ ಶಿಕ್ಷೆ ಆಗಬಹುದು. ಆದರೆ ಅಡ್ಡೆ ಅಂದರೇನು? ಇನ್ನೊಬ್ಬರ ಲಾಭಕ್ಕೆ ನಡೆಯುವ ಜಾಗ, ಇಲ್ಲವೇ ಇಬ್ಬರು ಅಥವಾ ಹೆಚ್ಚು ಹೆಂಗಸರು ಸೇರಿ ತಮ್ಮ ಲಾಭಕ್ಕೆ ನಡೆಸುವ ಜಾಗ. ನಿಮ್ಮ ಮನೆಯಲ್ಲಿ ಅಂಥದ್ದು ನಡೆದೇ ಇಲ್ಲ. ಬೇರೆ ಊರಿನ ಲಾಡ್ಜ್‌ನಲ್ಲಿ ಸಿಕ್ಕಿದವರು ಮಲಗುವ ಮನೆ ಅಂದಮಾತ್ರಕ್ಕೆ ಅದು ಅಡ್ಡೆ ಆಗುವುದಿಲ್ಲ.

ನನಗೆ ಚಿಂತೆ ಇರುವುದು ಮಗನದು. ಕಲಂ 4 ರಲ್ಲಿ ಹದಿನೆಂಟು ದಾಟಿದವರು ಯಾರೇ ಇದ್ದರೂ ಸಿಕ್ಕಿಕೊಳ್ಳುತ್ತಾರೆ. ಆಕೆಯ ಜೊತೆ ವಾಸ ಮಾಡುವವನು ಅಂತ ಗೊತ್ತಾದರೆ ಸಾಕು, ಆ ದುಡ್ಡಿನ ಮೇಲೇ ಬದುಕುತ್ತಾನೆ ಅಂತ ಕೋರ್ಟ್ ಭಾವಿಸಬಹುದು. ಅಲ್ಲ ಅಂತ ತೋರಿಸುವ ಹೊಣೆ ಅವನದು. ದಲ್ಲಾಳಿಯನ್ನು ಹಿಡಿಯಲು ಬರೆದ ಕಲಂ ಇದು. ಇದೇ ಕಲಮಿನಲ್ಲಿ ಮಗನಿಗೆ ತಾಯಿ ಕಟ್ಟಿದ ಐಟಿಐ ಫೀ ಕೂಡ ಬರುತ್ತದೆ.

ಇಬ್ಬರು ಮಕ್ಕಳ ತಂದೆ

ವಕೀಲರೇ, ಒಂದು ಅರ್ಥವಾಗಲಿಲ್ಲ. ಮಾಡುವುದು ತಪ್ಪಲ್ಲ, ಇಬ್ಬರು ಕೂಡಿ ಇದ್ದರೆ ತಪ್ಪು. ದುಡಿಯುವುದು ತಪ್ಪಲ್ಲ, ಆ ಅನ್ನವನ್ನು ಮಗ ಉಂಡರೆ ತಪ್ಪು. ಹಾಗಾದರೆ ಆ ಹೆಂಗಸು ಎಲ್ಲಿರಬೇಕು?

ಕರಿಕೋಟು

ನೀವು ಕೇಳಿದ್ದೇ ಸರಿಯಾದ ಪ್ರಶ್ನೆ, ಅಣ್ಣಾವರೇ. ಕಲಂ 20 ಅಂತ ಇನ್ನೊಂದಿದೆ. ಅದರಲ್ಲಿ ಮ್ಯಾಜಿಸ್ಟ್ರೇಟರು ಅಂಥ ಹೆಣ್ಣನ್ನು ಊರು ಬಿಟ್ಟು ಹೋಗು ಅಂತ ಆದೇಶ ಮಾಡಬಹುದು. 1963 ರಲ್ಲಿ ಕೌಶಲ್ಯಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಕಲಂ ಸರಿ ಇದೆ ಅಂತ ಹೇಳಿತು. ಕಲಂ 8 ನೋಡಿ. ಹೆಣ್ಣು ಕರೆದರೆ ಆರು ತಿಂಗಳವರೆಗೆ ಜೈಲು. ಗಂಡಸು ಅದೇ ಅಪರಾಧ ಮಾಡಿದರೆ ಏಳು ದಿನದಿಂದ ಮೂರು ತಿಂಗಳು.

ಮಗ್ಗದ ಮನೆ

ಇದನ್ನು ಓದಿ ಸುಮ್ನೆ ಇರಲು ಆಗಲಿಲ್ಲ. ನಾನು ಬೆಟಗೇರಿಯವಳು. ಎಚ್‌ಐವಿ ತಡೆ ಪ್ರಾಜೆಕ್ಟ್‌ನಲ್ಲಿ ಹನ್ನೊಂದು ವರ್ಷ ಗದಗ, ಹುಬ್ಬಳ್ಳಿ ಸುತ್ತಿ ಕೆಲಸ ಮಾಡಿದ್ದೇನೆ. 2003 ರಲ್ಲಿ ಆವಾಹನ್ ಅನ್ನುವ ಎಚ್‌ಐವಿ ತಡೆ ಯೋಜನೆ ಕರ್ನಾಟಕಕ್ಕೆ ಬಂದ ಮೇಲೆ ನಮ್ಮ ಕಡೆ ಈ ಹೆಂಗಸರದೇ ಸಂಘಗಳಾದವು. ಆಗ ಸೇರಿದವಳು ನಾನು. ನಮ್ಮಲ್ಲಿ ಅವರನ್ನು ದಮನಿತ ಮಹಿಳೆಯರು ಅನ್ನುತ್ತಿದ್ದೆವು. ಅವರೊಳಗೇ ಒಬ್ಬರನ್ನು ಆರಿಸಿ, ಉಳಿದವರಿಗೆ ತಿಳಿಹೇಳಲು ಪೀರ್ ಅಂತ ಮಾಡುತ್ತಿದ್ದೆವು.

ಸಿನಿಮಾದಲ್ಲಿ ತೋರಿಸುವ ಕೆಂಪು ದೀಪದ ಗಲ್ಲಿ ನಮ್ಮ ಕಡೆ ನಾನು ಕಂಡಿಲ್ಲ. ಗದಗಿನವರು ಹುಬ್ಬಳ್ಳಿಗೆ ಹೋಗುತ್ತಾರೆ, ಹುಬ್ಬಳ್ಳಿಯವರು ದಾವಣಗೆರೆಗೆ. ಮುಂಜಾನೆ ಡಬ್ಬಿ ಕಟ್ಟಿಕೊಂಡು ಬಸ್ ಹತ್ತಿದರೆ ಸಂಜೆ ಮಕ್ಕಳು ಶಾಲೆಯಿಂದ ಬರುವಷ್ಟರಲ್ಲಿ ಮನೆ. ಪಕ್ಕದ ಮನೆಯವರಿಗೆ ಗೊತ್ತಿರುವುದಿಲ್ಲ. ಮೊಬೈಲ್ ಬಂದ ಮೇಲಂತೂ ಬಸ್ ಸ್ಟ್ಯಾಂಡಿನಲ್ಲಿ ನಿಲ್ಲುವುದೂ ಕಡಿಮೆಯಾಯಿತು. ಅದರಿಂದ ಅವರಿಗೆ ಒಳ್ಳೆಯದಾಯಿತು ಅಂದುಕೊಳ್ಳಬೇಡಿ. ಬಸ್ ಸ್ಟ್ಯಾಂಡಿನಲ್ಲಿ ಇದ್ದಾಗ ನಾಲ್ಕು ಜನ ಜೊತೆಗೆ ಇರುತ್ತಿದ್ದರು. ಯಾವನು ಕುಡಿದು ಹೊಡೆಯುತ್ತಾನೆ, ಯಾವನ ಜೊತೆ ಹೋಗಬಾರದು ಅಂತ ಒಬ್ಬರಿಗೊಬ್ಬರು ಹೇಳುತ್ತಿದ್ದರು. ಈಗ ಒಬ್ಬಳೇ ಗೊತ್ತಿಲ್ಲದ ಖೋಲಿಗೆ ಹೋಗಬೇಕು.

ದುಡ್ಡಿನ ಲೆಕ್ಕ ಹೇಳುತ್ತೇನೆ. ನನ್ನ ಜೊತೆ ಪೀರ್ ಆಗಿದ್ದ ಒಬ್ಬಾಕೆ ಒಂದು ಸಲ ನನ್ನ ಮುಂದೆ ನೋಟು ಹರಡಿ ತೋರಿಸಿದ್ದಳು. ಗಿರಾಕಿ ಸಾವಿರ ಕೊಟ್ಟಿದ್ದ. ಖೋಲಿಗೆ ಅಂತ ಲಾಡ್ಜ್‌ನವನು ನಾಲ್ಕುನೂರು ಹಿಡಿದ. ಕರೆಸಿದ ದಲ್ಲಾಳಿ ಮುನ್ನೂರು. ‘ಮೇಲಿನವರಿಗೆ’ ಅಂತ ನೂರು. ಆಕೆ ಕೈಯಲ್ಲಿ ಇನ್ನೂರು ಉಳಿದಿತ್ತು. ರೇಡ್ ಆದ ದಿನ ಇವರಲ್ಲಿ ಮೊದಲು ಜೀಪ್ ಹತ್ತಿದ್ದು ಯಾರು ಅಂತ ನೀವೇ ಊಹಿಸಿ. ಲಾಡ್ಜ್ ಮ್ಯಾನೇಜರ್ ಮರುದಿನವೇ ಗಲ್ಲೆಯ ಮೇಲಿದ್ದ. ಆಕೆಯನ್ನು ಜಾಮೀನಿನ ಮೇಲೆ ಬಿಡಿಸಿದ್ದು ಅದೇ ದಲ್ಲಾಳಿ. ಆ ಖರ್ಚನ್ನು ಸಾಲ ಅಂತ ಬರೆದುಕೊಂಡು ಮುಂದೆ ಎಂಟು ತಿಂಗಳು ಮುರಿದುಕೊಂಡ. ರೇಡ್‌ನಿಂದ ಅವಳ ಕೊರಳಿನ ಹಗ್ಗ ಇನ್ನೂ ಬಿಗಿಯಾಯಿತು.

ನಿರೋಧ್ ವಿಷಯವೂ ಹೀಗೇ. ನಾವು ಒಂದು ಕೈಯಿಂದ ಕೊಡುತ್ತಿದ್ದೆವು, ಪರ್ಸ್‌ನಲ್ಲಿ ಸಿಕ್ಕರೆ ಅದನ್ನೇ ಸಾಕ್ಷಿ ಅಂತ ಹಿಡಿಯುತ್ತಿದ್ದರು. ಹೆದರಿ ಅಕ್ಕಿ ಡಬ್ಬಿಯಲ್ಲಿ ಮುಚ್ಚಿಟ್ಟು ಖಾಲಿ ಕೈಯಲ್ಲಿ ಹೋಗುತ್ತಿದ್ದರು. ಹಾಗೆ ಹೋಗಿ ಸೋಂಕು ತಂದುಕೊಂಡ ಇಬ್ಬರನ್ನು ನಾನೇ ಹುಬ್ಬಳ್ಳಿ ಕಿಮ್ಸ್ ಆಸ್ಪತ್ರೆಯಲ್ಲಿ ಎಚ್‌ಐವಿಗೆ ಚಿಕಿತ್ಸೆ ಕೊಡುವ ಎಆರ್‌ಟಿ ಸೆಂಟರ್‌ಗೆ ಕರೆದುಕೊಂಡು ಹೋಗಿ ಗುಳಿಗೆ ಶುರು ಮಾಡಿಸಿದ್ದೇನೆ. ಒಬ್ಬಾಕೆ ಈಗಲೂ ಗಟ್ಟಿ ಇದ್ದಾಳೆ, ಯುಗಾದಿಗೆ ಹೋಳಿಗೆ ಕಳಿಸುತ್ತಾಳೆ.

ಕರಿಕೋಟು

ಮಗ್ಗದ ಮನೆ ಅಕ್ಕ ಹೇಳಿದ ನಿರೋಧ್ ವಿಷಯಕ್ಕೆ 2022 ರ ಮೇ 19 ರಂದು ಸುಪ್ರೀಂ ಕೋರ್ಟ್ ಉತ್ತರ ಕೊಟ್ಟಿದೆ. ಬುದ್ಧದೇವ ಕರ್ಮಾಸ್ಕರ್ ಪ್ರಕರಣ. ಅದು ಶುರುವಾಗಿದ್ದು 1999 ರಲ್ಲಿ ಕೋಲ್ಕತ್ತಾದಲ್ಲಿ ಒಬ್ಬ ಲೈಂಗಿಕ ಕಾರ್ಯಕರ್ತೆಯನ್ನು ಹೊಡೆದು ಕೊಂದ ಕೇಸಿನಿಂದ. ಕೊಲೆಗಾರನ ಶಿಕ್ಷೆ ಎತ್ತಿಹಿಡಿದ ಕೋರ್ಟ್ ಅಲ್ಲಿಗೇ ಬಿಡದೆ, 2011 ರಲ್ಲಿ ಇವರ ಬದುಕಿನ ಬಗ್ಗೆ ಒಂದು ಸಮಿತಿ ಮಾಡಿತು. ಹನ್ನೊಂದು ವರ್ಷದ ಮೇಲೆ ಆದೇಶ ಬಂತು. ಆ ಪೀಠದಲ್ಲಿ ನಮ್ಮ ಕರ್ನಾಟಕದ ನ್ಯಾಯಮೂರ್ತಿ ಎ.ಎಸ್. ಬೋಪಣ್ಣ ಅವರೂ ಇದ್ದರು.

ನಿರೋಧ್ ಸಿಕ್ಕಿದ್ದನ್ನು ಅಪರಾಧದ ಸಾಕ್ಷಿ ಮಾಡಬಾರದು ಅಂತ ಅದರಲ್ಲಿದೆ. ಲೈಂಗಿಕ ಕಾರ್ಯಕರ್ತೆಯ ಮೇಲೆ ಅತ್ಯಾಚಾರ ಆದರೆ ಬೇರೆ ಯಾವ ಹೆಣ್ಣಿಗೂ ಸಿಗುವ ಚಿಕಿತ್ಸೆ, ಸೌಲಭ್ಯ ಎಲ್ಲ ಸಿಗಬೇಕು ಅಂತ ಇದೆ. ಇಷ್ಟವಿಲ್ಲದೆ ರಕ್ಷಣಾ ಗೃಹದಲ್ಲಿ ಇಟ್ಟಿರುವ ವಯಸ್ಕ ಹೆಂಗಸರ ಸರ್ವೆ ಮಾಡಿ ಬಿಡಬೇಕು ಅಂತ ಇದೆ. ಓಣಿಮನೆ, ನಿನಗೆ ಬೇಕಾದ್ದು ಮುಂದಿನದು. ರೇಡ್ ಸಮಯದಲ್ಲಿ ಈ ಹೆಂಗಸರ ಗುರುತು ಸಿಗುವ ಹಾಗೆ ಫೋಟೊ, ವಿಡಿಯೋ ಹಾಕಬಾರದು. ರಕ್ಷಣೆ ಅಂತ ಹೆಸರಿಟ್ಟು ಟಿವಿಯಲ್ಲಿ ತೋರಿಸುವವರ ಮೇಲೆ ಹೆಣ್ಣನ್ನು ಕದ್ದು ಚಿತ್ರೀಕರಿಸುವ ಅಪರಾಧದ ಕಲಮನ್ನೇ ಹಾಕಬೇಕು. ಹಳೇ ಐಪಿಸಿಯ 354 ಸಿ, ಈಗಿನ ನ್ಯಾಯ ಸಂಹಿತೆಯಲ್ಲಿ 77.

ಕೇಸು ಆಗಬೇಕಾದ್ದು ‘ಮುಖ ತೋರ್ಸು’ ಅಂದವನ ಮೇಲೆ.

ಇನ್ನೂ ನಾಲ್ಕು ಶಿಫಾರಸುಗಳಿದ್ದವು. ವಯಸ್ಕ ಹೆಣ್ಣು ಒಪ್ಪಿ ಮಾಡುತ್ತಿದ್ದರೆ ಪೊಲೀಸರು ಕೈ ಹಾಕಬಾರದು, ಅಡ್ಡೆ ರೇಡ್ ಆದಾಗ ಅವಳನ್ನು ಬಂಧಿಸಬಾರದು, ತಾಯಿ ಈ ಕೆಲಸದಲ್ಲಿ ಇದ್ದಾಳೆ ಅನ್ನುವ ಒಂದೇ ಕಾರಣಕ್ಕೆ ಮಗುವನ್ನು ಕಿತ್ತುಕೊಳ್ಳಬಾರದು, ಇವರ ಬಗ್ಗೆ ತೀರ್ಮಾನ ಮಾಡುವಾಗ ಇವರನ್ನೂ ಕೂರಿಸಿಕೊಳ್ಳಬೇಕು. ಕೇಂದ್ರ ಸರ್ಕಾರ ಇವಕ್ಕೆ ತಕರಾರು ಎತ್ತಿತು. ಹಾಗಾಗಿ ಅವು ಆ ದಿನದ ನಿರ್ದೇಶನದಲ್ಲಿ ಸೇರಲಿಲ್ಲ. ಮುಖ್ಯವಾದ ನಾಲ್ಕೇ ಹೊರಗೆ ಉಳಿದವು ಅನ್ನುವುದು ನನ್ನ ಅಭಿಪ್ರಾಯ.

ಪೇದೆಯಿಂದ ಎಎಸ್‌ಐ

ನಾನು ಇಲಾಖೆಯಲ್ಲಿ 31 ವರ್ಷ ಇದ್ದು ನಿವೃತ್ತಿಯಾದವನು. ಇಲ್ಲಿ ಬರೆದದ್ದನ್ನು ಓದಿ ನೋವಾಯಿತು, ಆದರೆ ಸುಳ್ಳು ಅಂತ ಹೇಳಲಾರೆ.

ಕಾಯ್ದೆಯ ಪ್ರಕಾರ ರೇಡ್‌ಗೆ ವಿಶೇಷ ಪೊಲೀಸ್ ಅಧಿಕಾರಿ ಬೇಕು, ಇನ್‌ಸ್ಪೆಕ್ಟರ್‌ಗಿಂತ ಕೆಳಗಿನವರನ್ನು ಆ ಹುದ್ದೆಗೆ ನೇಮಿಸುವಂತಿಲ್ಲ. ಇಬ್ಬರು ಮಹಿಳಾ ಪೊಲೀಸರು ಜೊತೆಗೆ ಇರಬೇಕು. ಪಂಚರಾಗಿ, ಅಂದರೆ ಸಾಕ್ಷಿಗಳಾಗಿ, ಆ ಭಾಗದ ಇಬ್ಬರು ಮರ್ಯಾದಸ್ಥರು ಬೇಕು, ಅವರಲ್ಲಿ ಒಬ್ಬರು ಹೆಂಗಸು. ಇದೆಲ್ಲ ಕಾಗದದ ಮೇಲೆ ತಪ್ಪದೆ ಇರುತ್ತದೆ. ಎಷ್ಟೋ ಸಲ ಪಂಚರ ಸಹಿ ಮರುದಿನ ಠಾಣೆಯಲ್ಲಿ ಆಗಿದ್ದನ್ನು ನಾನೇ ನೋಡಿದ್ದೇನೆ. ನಾನೂ ಸುಮ್ಮನಿದ್ದೆ. ಇದನ್ನು ಬರೆಯಲು ಇಷ್ಟು ವರ್ಷ ಬೇಕಾಯಿತು.

ಕಲಂ 8 ರ ಕೇಸು ಸುಲಭ. ಬಸ್ ಸ್ಟ್ಯಾಂಡಿನಲ್ಲಿ ನಿಂತವರನ್ನು ಕರೆತರುವುದು, ಕೋರ್ಟಿನಲ್ಲಿ ತಪ್ಪೊಪ್ಪಿಗೆ, ಐದುನೂರು ದಂಡ, ಮುಗಿಯಿತು. ತಿಂಗಳ ಲೆಕ್ಕಕ್ಕೆ ಒಂದು ಕೇಸು ಆಯಿತು. ಹೆಣ್ಣನ್ನು ಮಾರಿದವನನ್ನು ಹಿಡಿಯಬೇಕಾದರೆ ಪುಣೆಗೆ, ಮುಂಬೈಗೆ ಹೋಗಬೇಕು, ಅಲ್ಲಿನ ಠಾಣೆಯವರ ಕೈಕಾಲು ಹಿಡಿಯಬೇಕು, ಸಾಕ್ಷಿ ಉಳಿಸಿಕೊಳ್ಳಬೇಕು. ಒಂದು ಸಲ ಹಾವೇರಿ ಕಡೆಯ ಹದಿನಾರು ವರ್ಷದ ಹುಡುಗಿಯನ್ನು ಪುಣೆಯಿಂದ ಕರೆತಂದೆವು. ಕೆಲಸ ಕೊಡಿಸುತ್ತೇನೆ ಅಂತ ಕರೆದುಕೊಂಡು ಹೋಗಿದ್ದು ಪರಿಚಯದ ಹೆಂಗಸೇ. ರೈಲಿನಲ್ಲಿ ಬರುವಾಗ ಆ ಹುಡುಗಿ ಒಂದೇ ಮಾತು ಕೇಳಿದಳು. ‘ಕಾಕಾ, ನಮ್ಮಪ್ಪ ಮನ್ಯಾಗ ಕರ್ಕೋತಾನ?’ ಅವಳಿಗೆ ನಾನು ಕೊಟ್ಟ ಉತ್ತರ ಸುಳ್ಳಾಯಿತು. ಅಪ್ಪ ಸೇರಿಸಲಿಲ್ಲ. ಕೋರ್ಟಿಗೆ ಕೇಸು ಬರುವಷ್ಟರಲ್ಲಿ ಅವಳು ಎಲ್ಲಿದ್ದಾಳೆ ಅಂತ ಯಾರಿಗೂ ಗೊತ್ತಿರಲಿಲ್ಲ. ಆರೋಪಿ ಬಿಡುಗಡೆಯಾದಳು.

ಹದಿನೆಂಟಕ್ಕಿಂತ ಕೆಳಗಿನವರ ವಿಷಯದಲ್ಲಿ ಒಪ್ಪಿಗೆ ಅನ್ನುವ ಮಾತೇ ಇಲ್ಲ. 2012 ರ ಪೋಕ್ಸೊ ಕಾಯ್ದೆ ಬರುತ್ತದೆ. ಅಂಥದ್ದು ಯಾರ ಕಣ್ಣಿಗೆ ಬಿದ್ದರೂ 1098 ಅಥವಾ 112 ಕ್ಕೆ ಫೋನ್ ಮಾಡಿ.

ಇಬ್ಬರು ಮಕ್ಕಳ ತಂದೆ

ಸರ್, ಆ ಹುಡುಗಿಯ ಮಾತು ಓದಿ ಗಂಟಲು ಕಟ್ಟಿತು. ಅದೇ ವಿಡಿಯೋ ನನ್ನ ಫೋನಿಗೂ ಬಂದಿತ್ತು. ಯಾರಿಗೂ ಕಳಿಸಿರಲಿಲ್ಲ, ಅಳಿಸಿಯೂ ಇರಲಿಲ್ಲ. ಈಗ ಅಳಿಸಿದೆ.

ಏಲಕ್ಕಿ ಹಾರ

ಹಾವೇರಿಯಿಂದ ಬರೆಯುತ್ತಿದ್ದೇನೆ. ಇವರು ಯಾಕೆ ಈ ಕೆಲಸಕ್ಕೆ ಬಂದರು ಅಂತ ಕೇಳಿದರೆ ನಮ್ಮ ಕಡೆ ಸಿಗುವ ಉತ್ತರ ಸಾಲ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಮುರಿಯುವ ಕೆಲಸ ಸೀಸನ್ ಇರುವಷ್ಟು ದಿನ. ಕೈ ಉರಿ, ಕಣ್ಣು ಉರಿ, ಕಿಲೋ ಲೆಕ್ಕದ ಕೂಲಿ. ಸೀಸನ್ ಮುಗಿದ ಮೇಲೂ ಫೈನಾನ್ಸ್‌ನವರ ವಾರದ ಕಂತು ನಿಲ್ಲುವುದಿಲ್ಲ. ನಮ್ಮ ಹಳ್ಳಿಯಲ್ಲಿ ಕಂತು ಕಟ್ಟದ ಹೆಂಗಸಿನ ಬಾಗಿಲಲ್ಲಿ ಗುಂಪಿನ ಹೆಂಗಸರನ್ನೇ ಕೂರಿಸುತ್ತಿದ್ದರು. ಇಂಥ ಕಿರುಕುಳ ತಡೆಯಲು 2025 ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದ ಮೇಲೆ ಸ್ವಲ್ಪ ಹಿಡಿತಕ್ಕೆ ಬಂತು.

ಬಡ್ಡಿ ಕಟ್ಟಲು ದಾರಿ ತೋರಿಸುತ್ತೇನೆ ಅಂತ ಬರುವವಳು ಅಕ್ಕಪಕ್ಕದವಳೇ ಆಗಿರುತ್ತಾಳೆ. ಅವಳಿಗೂ ಒಂದು ಪಾಲು ಇರುತ್ತದೆ. ಇವರನ್ನು ಒತ್ತಾಯ ಮಾಡಿ ತಂದವರು ಅನ್ನಬೇಕೋ, ತಾವಾಗಿ ಬಂದವರು ಅನ್ನಬೇಕೋ ನನಗಂತೂ ತಿಳಿಯದು. ಕಾಯ್ದೆಗೆ ಎರಡೇ ಹೆಸರು ಗೊತ್ತು.

ವಿದ್ಯಾಗಿರಿ 22

ನಾನು ಧಾರವಾಡದಲ್ಲಿ ಎಂಎಸ್‌ಡಬ್ಲ್ಯು ಓದುತ್ತಿದ್ದೇನೆ. ಕೊಳ್ಳುವವನಿಗೆ ಶಿಕ್ಷೆ ಕೊಡಿ, ಹೆಣ್ಣನ್ನು ಬಿಡಿ ಅನ್ನುವ ಕಾನೂನು ಸ್ವೀಡನ್ನಿನಲ್ಲಿ 1999 ರಿಂದ ಇದೆಯಲ್ವಾ? ನಮ್ಮಲ್ಲಿ ಯಾಕೆ ಬೇಡ? ಕರ್ನಾಟಕ ಹೈಕೋರ್ಟ್ ಅಡ್ಡೆಯಲ್ಲಿ ಸಿಕ್ಕ ಗಿರಾಕಿಗಳ ಮೇಲಿನ ಕೇಸುಗಳನ್ನು ಹಲವು ಸಲ ರದ್ದು ಮಾಡಿದೆ. ಬೇಡಿಕೆ ಇರುವವರೆಗೂ ಹುಡುಗಿಯರ ಸಾಗಣೆ ನಿಲ್ಲುವುದಿಲ್ಲ ಅಂತ ನನಗೆ ಅನ್ನಿಸುತ್ತದೆ.

ಮಗ್ಗದ ಮನೆ

ತಂಗಿ, ನಿನ್ನ ಸಿಟ್ಟು ಸರಿಯಾದ ಕಡೆಗೇ ಇದೆ. 2006 ರಲ್ಲಿ ಸಂಸತ್ತಿಗೆ ಅಂಥ ಒಂದು ತಿದ್ದುಪಡಿ ಮಸೂದೆ ಬಂದಿತ್ತು. ಕಲಂ 8, ಕಲಂ 20 ತೆಗೆಯಬೇಕು, ಗಿರಾಕಿಗೆ ಶಿಕ್ಷೆ ಸೇರಿಸಬೇಕು ಅಂತ. ಪಾಸಾಗಲಿಲ್ಲ, ಬಿದ್ದುಹೋಯಿತು. ನಮ್ಮ ಸಂಘದಲ್ಲಿ ಇದನ್ನು ಓದಿ ಹೇಳಿದಾಗ ಹೆಂಗಸರು ಒಪ್ಪಲಿಲ್ಲ. ಗಿರಾಕಿ ಹೆದರಿದರೆ ಇನ್ನೂ ಕತ್ತಲಿಗೆ ಕರೆಯುತ್ತಾನೆ, ಇನ್ನೂ ಕಡಿಮೆ ಕೊಡುತ್ತಾನೆ, ನಿರೋಧ್ ಬೇಡ ಅಂದರೂ ಅವನ ಮಾತೇ ನಡೆಯುತ್ತದೆ ಅಂದರು. ನ್ಯೂಜಿಲೆಂಡ್‌ನಲ್ಲಿ 2003 ರಿಂದ ಇದನ್ನು ಅಪರಾಧದ ಪಟ್ಟಿಯಿಂದಲೇ ತೆಗೆದಿದ್ದಾರೆ. ಅದು ನಮಗೆ ಒಗ್ಗುತ್ತದಾ ಅಂತ ನಾನು ಹೇಳಲಾರೆ. ಆದರೆ ಯಾವ ಕಾನೂನು ಮಾಡಿದರೂ ಮೊದಲು ಈ ಹೆಂಗಸರನ್ನು ಕೂರಿಸಿ ಕೇಳಬೇಕು. ಹನ್ನೊಂದು ವರ್ಷದಲ್ಲಿ ನಾನು ಕಲಿತದ್ದು ಅಷ್ಟು.

ಮುಂಡರಗಿ ಕಡೆಯವಳು

ನಾನು ಶಾಲಾ ಶಿಕ್ಷಕಿ. ನನ್ನ ಅವ್ವನಿಗೆ ಹತ್ತನೇ ವಯಸ್ಸಿಗೆ ಸವದತ್ತಿಯಲ್ಲಿ ಮುತ್ತು ಕಟ್ಟಿ ದೇವದಾಸಿ ಮಾಡಿದ್ದರು. 1934 ರಲ್ಲೇ ಮುಂಬೈ ಸರ್ಕಾರ ಇದನ್ನು ನಿಷೇಧ ಮಾಡಿತ್ತು, ನಮ್ಮ ಧಾರವಾಡ ಸೀಮೆ ಆಗ ಅದರಲ್ಲೇ ಇತ್ತು. ಕರ್ನಾಟಕದ ಕಾಯ್ದೆ 1982 ರದು. ಅವ್ವನಿಗೆ ಮುತ್ತು ಕಟ್ಟಿದ್ದು ಈ ಎರಡರ ನಡುವೆ. ಅಂದರೆ ಅವತ್ತೂ ಅದು ಅಪರಾಧವೇ ಆಗಿತ್ತು.

ಅವ್ವ ಕೆಲವು ವರ್ಷ ಸಾಂಗ್ಲಿಯಲ್ಲಿ ಇದ್ದಳು. ಅಲ್ಲಿನ ಆ ಗಲ್ಲಿಗಳಲ್ಲಿ ಕನ್ನಡ ಮಾತಾಡುವವರೇ ಜಾಸ್ತಿ ಅನ್ನುತ್ತಿದ್ದಳು. ದೇವರ ಹೆಸರಲ್ಲಿ ಕಟ್ಟಿದ ಮುತ್ತು ಅವಳನ್ನು ಎಲ್ಲಿಗೆ ಮುಟ್ಟಿಸಿತು ನೋಡಿ. ಮುತ್ತು ಕಟ್ಟಿದವರಲ್ಲಿ ಯಾರಿಗೂ ಶಿಕ್ಷೆಯಾಗಲಿಲ್ಲ. ಅವ್ವ ಮಾತ್ರ ಎರಡು ಸಲ ದಂಡ ಕಟ್ಟಿದಳು.

ನನಗೆ ನೋವು ಮಾಡಿದ್ದು ತಂದೆಯ ಹೆಸರಿನ ಜಾಗ. ಹೈಸ್ಕೂಲಿಗೆ ಸೇರಿಸುವಾಗ ಗುಮಾಸ್ತರು ಎಲ್ಲರ ಮುಂದೆ ಮೂರು ಸಲ ಕೇಳಿದರು. ಅವ್ವ ಕೊನೆಗೆ ದೇವರ ಹೆಸರು ಹೇಳಿದಳು. ಕ್ಲಾಸಿನ ಹುಡುಗರು ಅದನ್ನೇ ಹಿಡಿದು ಎರಡು ವರ್ಷ ಆಡಿಕೊಂಡರು. 2025 ರ ಆಗಸ್ಟ್‌ನಲ್ಲಿ ವಿಧಾನಮಂಡಲದಲ್ಲಿ ಹೊಸ ದೇವದಾಸಿ ಮಸೂದೆ ಪಾಸಾಯಿತು. ದೇವದಾಸಿಯರ ಮಕ್ಕಳು ತಂದೆಯ ಹೆಸರು ಕೊಡಲೇಬೇಕು ಅನ್ನುವ ಒತ್ತಾಯ ಅದರಲ್ಲಿ ಇಲ್ಲ. ಆ ಸುದ್ದಿ ಓದಿದ ದಿನ ಸ್ಟಾಫ್ ರೂಮಿನಲ್ಲಿ ಅತ್ತುಬಿಟ್ಟೆ. ಯಾಕೆ ಅಂತ ಸಹೋದ್ಯೋಗಿಗಳಿಗೆ ಗೊತ್ತಿಲ್ಲ.

1993-94 ಮತ್ತು 2007-08 ರ ಎರಡು ಸರ್ವೆಯಲ್ಲಿ 46 ಸಾವಿರಕ್ಕೂ ಹೆಚ್ಚು ದೇವದಾಸಿಯರ ಹೆಸರು ಬಂದಿದೆ. ಪಟ್ಟಿಯಲ್ಲಿ ಹೆಸರು ಇದ್ದರೆ ಮಾಸಾಶನ. ಎರಡು ಸಲವೂ ಊರಲ್ಲಿ ಇಲ್ಲದ ಕಾರಣ ನನ್ನ ಅವ್ವನ ಹೆಸರು ಇರಲಿಲ್ಲ.

ಓಣಿಮನೆ ಅಕ್ಕ, ನಿಮ್ಮ ಬಾಡಿಗೆ ಮನೆಯ ಹುಡುಗಿ ಎಸ್ಸೆಸ್ಸೆಲ್ಸಿ ಅಂದಿರಿ. ಈಗ ಮನೆ ಬಿಡಿಸಿದರೆ ಅವಳ ಶಾಲೆ ಬಿಡಿಸಿದ ಹಾಗೆ. ನಮ್ಮನ್ನು ನಾನು ಒಂಬತ್ತನೇ ಕ್ಲಾಸಿನಲ್ಲಿ ಇದ್ದಾಗ ಹೀಗೆ ಖಾಲಿ ಮಾಡಿಸಿದ್ದರು. ಒಂದು ವರ್ಷ ಹಾಳಾಯಿತು. ನನಗೆ ಒಬ್ಬ ಟೀಚರ್ ಸಿಕ್ಕರು, ಮತ್ತೆ ಸೇರಿಸಿದರು. ನನ್ನ ತಂಗಿಗೆ ಸಿಗಲಿಲ್ಲ.

ಓಣಿಮನೆ (ರವಿವಾರ)

ಎಲ್ಲವನ್ನೂ ಎರಡೆರಡು ಸಲ ಓದಿದೆ. ಟೀಚರ್ ಬರೆದದ್ದನ್ನು ಅವ್ವನಿಗೆ ಓದಿ ಹೇಳಿದೆ. ಅವಳು ಎದ್ದು ಹಿತ್ತಲಿಗೆ ಹೋದಳು. ನಾನೂ ಹಿಂದೆ ಹೋದೆ.

ಅಕ್ಕ ಪಾತ್ರೆ ಕಟ್ಟುತ್ತಿದ್ದರು. ನಾವು ಹೇಳುವ ಮುಂಚೆಯೇ ಹೊರಡಲು ತಯಾರಾಗಿದ್ದಾರೆ. ಅವ್ವ ಅಲ್ಲೇ ಕೆಳಗೆ ಕೂತು ‘ಎಲ್ಲಿಗೆ ಹೊಂಟಿ?’ ಅಂದಳು. ‘ಗೊತ್ತಿಲ್ಲರಿ ಅಮ್ಮಾರ’ ಅಂದರು. ಸ್ವಲ್ಪ ಹೊತ್ತು ಬಿಟ್ಟು ತಾವಾಗಿಯೇ ಮಾತಾಡಿದರು. ಗಂಡನ ಆಸ್ಪತ್ರೆಯ ಸಾಲದಿಂದ ಶುರುವಾಯಿತಂತೆ. ಕೇಟರಿಂಗ್‌ನವನೇ ಲಾಡ್ಜ್‌ನವನ ನಂಬರ್ ಕೊಟ್ಟನಂತೆ. ಆ ರಾತ್ರಿ ಪರ್ಸ್‌ನಲ್ಲಿದ್ದ ಎರಡು ಸಾವಿರದ ಮುನ್ನೂರು ರೂಪಾಯಿ ಯಾರೋ ತೆಗೆದುಕೊಂಡರು, ರಸೀದಿ ಕೊಡಲಿಲ್ಲ. ಸಹಿ ಹಾಕಿದ ಕಾಗದದಲ್ಲಿ ಏನಿತ್ತು ಅಂತ ಗೊತ್ತಿಲ್ಲ. ವಿಡಿಯೋ ನೋಡಿದ ಮೇಲೆ ಮಗ ಮನೆಗೆ ಬಂದಿಲ್ಲ. ಗೆಳೆಯನ ರೂಮಿನಲ್ಲಿ ಇದ್ದಾನೆ, ಫೋನ್ ಎತ್ತುತ್ತಿಲ್ಲ. ಇದನ್ನು ಹೇಳುವಾಗ ಮಾತ್ರ ಅವರು ಅತ್ತರು.

ಅವ್ವ ಕಟ್ಟಿದ ಗಂಟು ಬಿಚ್ಚಿ ಪಾತ್ರೆ ಮತ್ತೆ ಹಲಗೆಯ ಮೇಲೆ ಇಟ್ಟಳು. ‘ಹುಡುಗಿ ಪರೀಕ್ಷಾ ಮುಗೀಲಿ, ಆಮ್ಯಾಲೆ ನೋಡೂಣು’ ಅಂದಳು. ಸಂಜೆ ಹಿರಿಯರಲ್ಲಿ ಒಬ್ಬರು ಮತ್ತೆ ಬಂದರು. ಕರಿಕೋಟು ಅಕ್ಕ ಬರೆದದ್ದನ್ನು ನಾನು ಓದಿ ಹೇಳಿದೆ. ಅವರು ಪೂರ್ತಿ ಒಪ್ಪಲಿಲ್ಲ. ‘ಪರೀಕ್ಷಾತನ ಅಂದ್ರ ಆತು, ನಾ ಉಳಿದವರಿಗೆ ಹೇಳ್ತೀನಿ’ ಅಂದು ಹೋದರು.

ಕರಿಕೋಟು ಅಕ್ಕ, ವಿಡಿಯೋ ತೆಗೆಸಲು ಎಲ್ಲಿಗೆ ಹೋಗಬೇಕು? ಆ ಕಾಗದದಲ್ಲಿ ಏನಿದೆ ಅಂತ ತಿಳಿಯುವುದು ಹೇಗೆ? ಅವರ ಹತ್ತಿರ ವಕೀಲರಿಗೆ ಕೊಡಲು ದುಡ್ಡಿಲ್ಲ.

ಇಬ್ಬರು ಮಕ್ಕಳ ತಂದೆ

ನಾನಿದ್ದರೆ ಏನು ಮಾಡುತ್ತಿದ್ದೆನೋ, ನಿಜ ಹೇಳಬೇಕೆಂದರೆ ಗೊತ್ತಿಲ್ಲ. ರಾತ್ರಿ ಯಾರಾದರೂ ಬಂದು ಬಾಗಿಲು ಬಡಿದರೆ 112 ಕ್ಕೆ ಫೋನ್ ಮಾಡಲು ನಿಮ್ಮ ಅವ್ವನಿಗೆ ಹೇಳಿಕೊಡು. ಹುಡುಗಿಗೆ ಗಣಿತ ಕಷ್ಟವಾದರೆ ತಿಳಿಸು. ನನ್ನ ಹೆಂಡತಿ ಮನೆಯಲ್ಲೇ ಟ್ಯೂಷನ್ ಹೇಳುತ್ತಾಳೆ. ಫೀ ಬೇಡ.

ಕರಿಕೋಟು

ದುಡ್ಡು ಬೇಕಿಲ್ಲ. 1987 ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಲ್ಲಿ ಎಲ್ಲ ಹೆಂಗಸರಿಗೂ ಉಚಿತ ವಕೀಲರು ಸಿಗುತ್ತಾರೆ. ಆದಾಯ ಎಷ್ಟು ಅಂತ ಕೇಳುವಂತಿಲ್ಲ. 15100 ಕ್ಕೆ ಫೋನ್ ಮಾಡಿದರೂ ಆಗುತ್ತದೆ. ಧಾರವಾಡದ ಕೋರ್ಟ್ ಆವರಣದಲ್ಲಿರುವ ಜಿಲ್ಲಾ ಪ್ರಾಧಿಕಾರದ ಕಚೇರಿಗೆ ಗುರುವಾರ ಹನ್ನೊಂದಕ್ಕೆ ಕರೆದುಕೊಂಡು ಬಾ, ನಾನು ಅಲ್ಲೇ ಇರುತ್ತೇನೆ. ಎಫ್‌ಐಆರ್ ನಕಲು ತೆಗೆಸೋಣ. ಅದರಲ್ಲಿ ಅವರನ್ನು ಆರೋಪಿ ಮಾಡಿದ್ದಾರೋ, ಸಂತ್ರಸ್ತೆ ಅಂತ ಬರೆದಿದ್ದಾರೋ ನೋಡಬೇಕು, ಮುಂದಿನ ದಾರಿ ಅದರ ಮೇಲೆ. ವಿಡಿಯೋ ಬಗ್ಗೆ ಸೈಬರ್ ಠಾಣೆಗೆ ದೂರು ಕೊಡೋಣ. ಯಾವ ನಂಬರಿನಿಂದ ಬಂತು ಅನ್ನುವ ಸ್ಕ್ರೀನ್‌ಶಾಟ್ ಇಟ್ಟುಕೊ, ವಿಡಿಯೋವನ್ನು ಮಾತ್ರ ಯಾರಿಗೂ ಕಳಿಸಬೇಡ, ನನಗೂ. ಆಧಾರ್ ಝೆರಾಕ್ಸ್ ಇರಲಿ. ಆಗುವುದಾದರೆ ಮಗನನ್ನೂ ಕರೆತನ್ನಿ. ಕಲಂ 4 ರ ವಿಷಯ ಅವನಿಗೆ ನಾನೇ ಎದುರು ಕೂತು ಹೇಳಬೇಕು.

ಓಣಿಮನೆ

ಬರುತ್ತೇವೆ ಅಕ್ಕ. ಮಗನಿಗೆ ಅವ್ವ ತನ್ನ ಫೋನಿನಿಂದ ಮಾಡಿದಳು. ಅವ್ವನ ನಂಬರ್ ಅಂತ ಎತ್ತಿದ. ‘ನಿಮ್ಮವ್ವ ಎರಡು ದಿನದಿಂದ ಉಂಡಿಲ್ಲ, ಬಾ’ ಅಂದಳು. ಅವನು ಏನೂ ಹೇಳಲಿಲ್ಲ, ಫೋನ್ ಇಡಲೂ ಇಲ್ಲ. ಅವ್ವ ಗುರುವಾರ ಮುಂಜಾನೆ ಎಷ್ಟು ಗಂಟೆಗೆ ಯಾವ ಸ್ಟಾಪಿನಲ್ಲಿ ನಿಲ್ಲುತ್ತೇವೆ ಅಂತ ಹೇಳಿ ಇಟ್ಟಿದ್ದಾಳೆ.